ಹತ್ತು ನಿಮಿಷ ಕೂರದೆ ಬರೆದ ಒಂದು ಸಾಲು

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಕೆಲಸ ಬಿಟ್ಟು ಮೂರು ವರ್ಷವಾಯಿತು, ಈಗಲೂ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಬೇಕು. ಅಂಗಡಿಗಳ ಬೋರ್ಡು ಓದದೆ ಬಿಟ್ಟರೆ ಏನೋ ಕಳೆದುಕೊಂಡ ಹಾಗಾಗುತ್ತದೆ. ಮೊನ್ನೆ ಚಳ್ಳಕೆರೆಯಲ್ಲಿ ಒಂದು ಸೈಕಲ್ ಶಾಪು ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಕಂಡಿತು. ಮುಂದಿನ ಸ್ಟಾಪಿನಲ್ಲಿ ಇಳಿದು, ಹಿಂದಕ್ಕೆ ನಡೆದು ಬಂದು, "ಇಲ್ಲಿದ್ದ ಸೈಕಲ್ಲಿನವರು ಎಲ್ಲಿಗೆ ಹೋದರು?" ಎಂದು ಕೇಳಿದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕಮ್ಮಾ, ಪೊಲೀಸ್ನೋರಾ?" ಎಂದ.

ಪೊಲೀಸಲ್ಲ, ಎಡಿಟರ್. ಅದೂ ಪತ್ರಿಕೆಯ ಎಡಿಟರ್ ಅಲ್ಲ. ಏನು ಎಂದು ಹೇಳಲು ಸ್ವಲ್ಪ ಹೊತ್ತು ಬೇಕು. ಈಗ ನಮ್ಮ ಕಡೆ ಕೆಲವು ಹುಡುಗಿಯರು ಮೊಬೈಲ್ ನಕ್ಷೆಗೆ ಅಂಗಡಿ, ಗ್ಯಾರೇಜು, ಆಸ್ಪತ್ರೆ ಸೇರಿಸುವ ಕೆಲಸಕ್ಕೆ ಹೋಗುತ್ತಿದ್ದಾರೆ. ಅವರಲ್ಲಿ ಇಬ್ಬರು ಮನೆಗೆ ಬಂದು, "ಆಂಟಿ, ನೀವೂ ಇದೇ ಕೆಲ್ಸ ಮಾಡ್ತಿದ್ರಂತೆ, ಹೆಂಗಿತ್ತು?" ಎಂದು ಕೇಳಿದರು. ಚಹಾ ಕುಡಿಯುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಬಿಟ್ಟಿದ್ದೇನೆ. ಒಂದೇ ಸಲ ಬಂತು, ಕುರ್ಚಿಗೆ ಕೈ ಬಂದವು, ಅಷ್ಟೆ.

ಊರಿನಲ್ಲಿ ಇಂಟರ್‌ನೆಟ್ ಅಂಗಡಿಗಳು ಒಂದೊಂದಾಗಿ ಬಾಗಿಲು ತೆರೆಯುತ್ತಿದ್ದ ಕಾಲ ಅದು. ಜಾಲದಲ್ಲಿ ಏನಾದರೂ ಹುಡುಕಲು ಎರಡು ದಾರಿ ಇದ್ದವು. ಒಂದು ಸರ್ಚ್ ಇಂಜಿನ್. ಪದ ಕೊಟ್ಟರೆ ಯಂತ್ರವೇ ತಡಕಾಡಿ ಸಾವಿರಾರು ಪುಟ ತಂದು ಸುರಿಯುತ್ತದೆ. ಇನ್ನೊಂದು ಡೈರೆಕ್ಟರಿ. ಮನುಷ್ಯರು ಒಂದೊಂದನ್ನೇ ನೋಡಿ, ಇದು ಇಂಥದ್ದು ಎಂದು ವಿಂಗಡಿಸಿ, ಒಂದು ಸಾಲು ಬರೆದು ಜೋಡಿಸಿದ ಪಟ್ಟಿ. ನಾನು ಸೇರಿದ್ದು ಅಂಥ ಪಟ್ಟಿ ಮಾಡುವ ಒಂದು ಸಣ್ಣ ಖಾಸಗಿ ಕಂಪನಿಗೆ. ನನ್ನ ಪಾಲಿಗೆ ಬಂದದ್ದು ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕು. ಎರಡೂ ಕಡೆ ಸೇರಿ ಜಾಲತಾಣ ಎಷ್ಟಿದ್ದವು? ಬೆರಳಲ್ಲಿ ಎಣಿಸಬಹುದಿತ್ತು. ಹಾಗಾಗಿ ಜಾಲತಾಣ ಇಲ್ಲದ ಕಸುಬುದಾರರಿಗೂ ನಮ್ಮಲ್ಲೇ ಒಂದು ಪುಟ ಮಾಡಿ, ಹೆಸರು, ಊರು, ಫೋನು ಹಾಕಿ ಪಟ್ಟಿಗೆ ಸೇರಿಸುತ್ತಿದ್ದೆವು. ನನ್ನ ಬಳಿ ಒಂದು ಹಳೆಯ ಮೊಪೆಡ್ ಇತ್ತು, ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಓಣಿಯಲ್ಲಿ ಮಹಡಿಯ ಮೇಲೆ ಆಫೀಸು. ಕಡಲೆಕಾಯಿ ಹಿಂಡಿಯ ವಾಸನೆ ಸೀರೆಗೆ ಹತ್ತಿ ಮನೆಯವರೆಗೂ ಬರುತ್ತಿತ್ತು.

ನಮ್ಮ ಮುಖ್ಯ ಸಂಪಾದಕರು ಸದಾಶಿವಪ್ಪನವರು. ಮೊದಲು ಪ್ರೆಸ್ಸೊಂದರಲ್ಲಿ ಕರಡು ತಿದ್ದುತ್ತಿದ್ದವರು. ಕಂಪ್ಯೂಟರಿನ ಪರದೆಯ ಮೇಲೂ ಕೆಂಪು ಪೆನ್ನು ಹಿಡಿದೇ ಓದುತ್ತಿದ್ದರು. ಅವರ ನಿಯಮ ಮೂರು. ಕಣ್ಣಲ್ಲಿ ನೋಡದ್ದನ್ನು ಸೇರಿಸಬಾರದು. ವಿವರಣೆ ಇಪ್ಪತ್ತು ಪದ ಮೀರಬಾರದು, ಅದರಲ್ಲಿ ಹೊಗಳಿಕೆ ಒಂದೂ ಇರಬಾರದು. ಮೂರನೆಯದೇ ನನ್ನ ಪ್ರಾಣ ತಿಂದದ್ದು: ಯಾವ ಜಾಗಕ್ಕೆ ಹೋದರೂ ಸುಮ್ಮನೆ ಹತ್ತು ನಿಮಿಷ ಕೂತು, ಆಮೇಲೆ ಬರೆಯಬೇಕು.

"ಹತ್ತು ನಿಮಿಷದಲ್ಲಿ ಇನ್ನೊಂದು ಅಂಗಡಿ ನೋಡ್ಬೋದಲ್ಲ ಸಾರ್?" ಎಂದು ನಾನು ಮೊದಲ ದಿನವೇ ವಾದ ಹಾಕಿದೆ.

"ನೋಡೋಕೆ ಯಂತ್ರ ಐತಲ್ಲಮ್ಮ ರತ್ನಮ್ಮ. ಅದು ಓಡಾಡ್ತದೆ, ನಿನ್ನ ಮೊಪೆಡ್‌ಗಿಂತ ಜೋರಾಗಿ ಓಡ್ತದೆ. ಅದಕ್ಕೆ ಕೂರೋಕೆ ಬರಲ್ಲ. ನಿನಗೆ ಸಂಬಳ ಕೊಡೋದು ಕೂರೋದಕ್ಕೆ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಅವರ ಮಾತು ಮೀರಿ ಕೆಟ್ಟದ್ದು ರಾಂಪುರದಲ್ಲಿ. ಮೊಪೆಡ್ ನಿಲ್ಲಿಸದೆಯೇ ಒಂದು ಬೋರ್ಡು ಓದಿದ್ದೆ. "ಕಂಪ್ಯೂಟರ್" ಎಂದು ದೊಡ್ಡದಾಗಿ ಬರೆದಿತ್ತು, ಕೆಳಗಿನ ಸಣ್ಣ ಅಕ್ಷರ ಧೂಳಿನಲ್ಲಿ ಕಾಣಲಿಲ್ಲ. ಶಿಕ್ಷಣ ವಿಭಾಗಕ್ಕೆ ಸೇರಿಸಿ, "ಕಂಪ್ಯೂಟರ್ ತರಬೇತಿ ಕೇಂದ್ರ" ಎಂದು ಬರೆದುಬಿಟ್ಟೆ. ತಿಂಗಳಾದ ಮೇಲೆ ಅಲ್ಲಿಂದ ಫೋನು ಬಂತು. "ಯಾರ್ರೀ ಮೇಡಂ ನಂಗೆ ಇಷ್ಟು ಜನ ಸ್ಟೂಡೆಂಟ್ಸ್ ಕಳ್ಸಿರೋದು? ನಾನು ರವಿಕೆಗೆ ಕಸೂತಿ ಹಾಕೋನು. ಕಂಪ್ಯೂಟರ್ ಮೆಷಿನ್‌ನಾಗೆ ಹಾಕ್ತೀನಿ, ಅದ್ಕೆ ಬೋರ್ಡು. ಅಪ್ಪ ಅಮ್ಮಂದ್ರು ಮಕ್ಕಳ್ನ ಕರ್ಕೊಂಬಂದು ಅಡ್ಮಿಶನ್ ಕೇಳ್ತಾವ್ರೆ!" ಸದಾಶಿವಪ್ಪ ಬೈಯಲಿಲ್ಲ. ಮರುದಿನ ನನ್ನನ್ನು ಅದೇ ಅಂಗಡಿಗೆ ಕಳಿಸಿ, ಒಂದು ಗಂಟೆ ಕೂತು ಬರಲು ಹೇಳಿದರು. ಕೂತೆ. ಒಂದು ರವಿಕೆಯ ತೋಳಿನ ಮೇಲೆ ಪೂರ್ತಿ ನವಿಲು ಮೂಡುವುದನ್ನು ನೋಡಿದೆ.

ಕೂತಿದ್ದರಿಂದ ಬಚಾವಾದದ್ದೂ ಇದೆ. ಮೊಳಕಾಲ್ಮೂರಿನ ಒಂದು ರೇಷ್ಮೆ ಸೀರೆ ಅಂಗಡಿಯವರು ತಮ್ಮದೆಲ್ಲ ಕೈಮಗ್ಗದ್ದೇ ಎಂದು ಜಾಲತಾಣ ಮಾಡಿಸಿದ್ದರು. ಮುಂದಿನ ಕೋಣೆಯಲ್ಲಿ ಒಂದು ಮಗ್ಗ, ಅದರ ಮೇಲೆ ಅರ್ಧ ನೇಯ್ದ ಸೀರೆ, ನೋಡಲು ಏನೂ ಕೊರತೆ ಇರಲಿಲ್ಲ. ಎಂಟನೆಯ ನಿಮಿಷಕ್ಕೆ ಯಜಮಾನರಿಗೆ ಫೋನು ಬಂತು. "ಲಾರಿ ವಚ್ಚಿಂದಾ?" ಎಂದು, ಲಾರಿ ಬಂತಾ ಎಂದು, ತೆಲುಗಿನಲ್ಲಿ ಕೇಳಿ, ನನ್ನ ಕಡೆ ಓರೆಗಣ್ಣು ಹಾಯಿಸಿದರು. ಈ ಗಡಿ ಸೀಮೆಯಲ್ಲಿ ಹುಟ್ಟಿದ ನನಗೆ ತೆಲುಗು ಬರುತ್ತದೆಂದು ಅವರಿಗೆ ಹೊಳೆಯಲಿಲ್ಲ. ಹಿಂಬದಿಗೆ ಹೋಗಿ ನೋಡಿದರೆ ಲಾರಿಯಿಂದ ಮಿಲ್ಲಿನ ಸೀರೆಯ ಬಂಡಲು ಇಳಿಯುತ್ತಿದ್ದವು. ಮುಂದಿನ ಮಗ್ಗದ ಮೇಲಿದ್ದ ಸೀರೆ ಎರಡು ವರ್ಷದಿಂದ ಅರ್ಧಕ್ಕೇ ನಿಂತಿತ್ತಂತೆ. ಅದನ್ನು ಪಟ್ಟಿಗೆ ಸೇರಿಸಲಿಲ್ಲ. ಅಂದು ಮೊಪೆಡ್‌ನಲ್ಲಿ ವಾಪಸ್ ಬರುವಾಗ ನನಗೇ ನಾನು ದೊಡ್ಡ ಮನುಷ್ಯಳಾಗಿ ಕಂಡೆ.

ಆ ಜಂಬ ಇಳಿಸಿದವರು ರಫೀಕ್ ಭಾಯ್. ನಮ್ಮ ಆಫೀಸಿನ ಕೆಳಗೆ ಇಂಟರ್‌ನೆಟ್ ಅಂಗಡಿ ಇಟ್ಟಿದ್ದರು. ಅವರಿಗೆ ಸರ್ಚ್ ಇಂಜಿನ್ ಎಂದರೆ ಪ್ರಾಣ. "ಮೇಡಂ, ನಿಮ್ಮ ಪಟ್ಟಿ ಅಚ್ಛಾ ಐತೆ, ಆದ್ರೆ ಇದು ಫಟಾಫಟ್" ಎಂದು ದಿನಾ ಛೇಡಿಸುತ್ತಿದ್ದರು. ಒಂದು ದಿನ ಅರಸೀಕೆರೆ ಕಡೆಯ ಮಲ್ಲೇಶಪ್ಪ ಎಂಬ ಹಿರಿಯರು ಅಲ್ಲಿಗೆ ಬಂದರು. ಮನೆದೇವರ ಗದ್ದುಗೆಗೆ ಹಾಸಲು ಕರಿ ಕಂಬಳಿ ಬೇಕಿತ್ತು. ಕರಿ ಕುರಿಯ ಉಣ್ಣೆ, ಕೈಯಲ್ಲಿ ತೆಗೆದ ನೂಲು, ಬಣ್ಣ ಮುಟ್ಟಿಸಿರಬಾರದು. ಅದಕ್ಕೆಂದೇ ಚಳ್ಳಕೆರೆಗೆ ಬಂದು ಸಂತೆಯೆಲ್ಲ ಹುಡುಕಿದರೂ ಸಿಕ್ಕಿರಲಿಲ್ಲ. ರಫೀಕ್ ಭಾಯ್ ಟಪಟಪ ಒತ್ತಿದರು. ಎಲ್ಲೆಲ್ಲಿಯದೋ ಹಾಸಿಗೆ ಅಂಗಡಿ, ಹೋಟೆಲಿನ ರಗ್ಗು, ಪುಟದ ಮೇಲೆ ಪುಟ ಬಂದವು. ನಾನು ನಮ್ಮ ಪಟ್ಟಿ ತೆರೆದೆ. ಕಸುಬು, ಉಣ್ಣೆ, ಚಳ್ಳಕೆರೆ ತಾಲ್ಲೂಕು. ಒಂದೇ ಹೆಸರು: ಕರಿಯಣ್ಣ, ನನ್ನಿವಾಳದ ಹತ್ತಿರದ ಹಟ್ಟಿ. ಕೆಳಗೆ ನನ್ನ ಸಾಲು: "ಕುಣಿ ಮಗ್ಗ. ಸ್ವಂತ ಮಂದೆಯ ಕರಿ ಉಣ್ಣೆ. ಹೆಂಡತಿ ಕೆಂಚಮ್ಮ ತೆಗೆದ ಕೈನೂಲು. ಬಣ್ಣವಿಲ್ಲ." ಮಲ್ಲೇಶಪ್ಪ ಅದನ್ನು ಎರಡು ಸಲ ಓದಿಸಿಕೊಂಡು ಅಂದೇ ನನ್ನಿವಾಳಕ್ಕೆ ಹೋದರು. ಆಮೇಲೆ ಅವರ ಕುಲದವರೂ ನೆಂಟರೂ ಅಲ್ಲಿಂದಲೇ ತರಿಸತೊಡಗಿದರು.

ರಫೀಕ್ ಭಾಯ್ ಸೋಲೊಪ್ಪಲಿಲ್ಲ. "ಈಗ ನನ್ ಸವಾಲು. ನಮ್ ಸಾಢೂಗೆ, ಅದೇ ಷಡ್ಕನಿಗೆ, ಕುದಾಪುರದಾಗೆ ಬಾಡಿಗೆ ರೂಮ್ ಬೇಕು, ತೆಗೀರಿ" ಎಂದರು. ನಮ್ಮ ಪಟ್ಟಿಯಲ್ಲಿ ಕುದಾಪುರವೆಂದರೆ ಒಂದು ಚಹಾ ಅಂಗಡಿ, ಒಂದು ಪಂಕ್ಚರ್ ಅಂಗಡಿ. ನಾನು ಹೋಗಿ ಎಂಟು ತಿಂಗಳಾಗಿತ್ತು. ಅಷ್ಟರಲ್ಲಿ ಹುಲ್ಲುಗಾವಲಿಗೆ ಬೇಲಿ ಬಂದು, ದೊಡ್ಡ ದೊಡ್ಡ ಸಂಸ್ಥೆಗಳ ಕಟ್ಟಡದ ಕೆಲಸ ಶುರುವಾಗಿ, ಸುತ್ತಲ ಊರಿನವರು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಯಂತ್ರ ಅರ್ಧ ನಿಮಿಷದಲ್ಲಿ ನಾಲ್ಕು ಫೋನ್ ನಂಬರ್ ಕೊಟ್ಟಿತು. ನಾನು ಮೇಲೆ ಬಂದು ಸದಾಶಿವಪ್ಪನವರಿಗೆ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ, "ಹೂಂ, ಅದೂ ನಿಜವೇ" ಎಂದರು. ಅವರು ಹಾಗೆ ಒಪ್ಪಿಕೊಂಡದ್ದು ನನಗೆ ಹೆದರಿಕೆ ತಂದಿತು.

ಮುಂದಿನ ವರ್ಷ ಸದಾಶಿವಪ್ಪ ನಿವೃತ್ತರಾದರು. ಹೊಸ ಮ್ಯಾನೇಜರ್ ಬಂದ. ಚುರುಕಾದ ಮನುಷ್ಯ, ಕೆಟ್ಟವನಲ್ಲ. ಕಂಪನಿ ಮುಳುಗುತ್ತಿದೆ ಎಂದು ಅವನಿಗೆ ನಮಗಿಂತ ಮೊದಲೇ ಗೊತ್ತಿತ್ತು. "ಯಂತ್ರ ಒಂದು ದಿನಕ್ಕೆ ಲೋಕವನ್ನೇ ಸುತ್ತುತ್ತೆ, ನೀವು ನಾಲ್ಕು ಮನೆ ಸುತ್ತುತ್ತೀರಿ. ಪಟ್ಟಿಯಲ್ಲಿ ಸತ್ತಿರೋ ಹೆಸರುಗಳೇ ಜಾಸ್ತಿ. ಹೋಗಿ, ನೋಡಿ, ಬಾಗಿಲು ಹಾಕಿದ್ದರೆ ತೆಗೀರಿ" ಎಂದ. ಕೂರುವ ನಿಯಮ ಅಂದಿಗೆ ರದ್ದು. ಸತ್ಯ ಹೇಳುತ್ತೇನೆ, ನನಗೆ ಖುಷಿಯಾಯಿತು. ಕಟ್ಟಿದ್ದ ಹಗ್ಗ ಬಿಚ್ಚಿದಂತೆ ಓಡಿದೆ. ದಿನಕ್ಕೆ ಮೂವತ್ತು ಬಾಗಿಲು ನೋಡಿದೆ.

ಸಂಕ್ರಾಂತಿ ಕಳೆದಿತ್ತು. ನನ್ನಿವಾಳದ ಹಟ್ಟಿಗೆ ಹೋದಾಗ ಮಧ್ಯಾಹ್ನದ ಬಿಸಿಲು. ಕರಿಯಣ್ಣನ ಬಾಗಿಲಿಗೆ ಅಡ್ಡಲಾಗಿ ಒಂದು ಒಣಗಿದ ಜಾಲಿ ಮುಳ್ಳಿನ ಕೊಂಬೆ ಇತ್ತು. ಅಂಗಳದಲ್ಲಿ ಕುರಿಯಿಲ್ಲ, ನಾಯಿಯಿಲ್ಲ. ಮಗ್ಗದ ಚಪ್ಪರ ಬರಿದು. ಎಷ್ಟೋ ಹಾಳು ಮನೆಗಳ ಬಾಗಿಲಿಗೆ ಜಾಲಿ ಬೆಳೆದದ್ದನ್ನು ನೋಡಿದ್ದೆ. ಇದೂ ಹಾಗೇ ಎಂದುಕೊಂಡೆ. ಪಕ್ಕದ ಮನೆಯಲ್ಲಿ ಯಾರೋ ರಾಗಿ ಬೀಸುತ್ತಿದ್ದ ಸದ್ದು ಕೇಳಿಸುತ್ತಿತ್ತು. ಹತ್ತು ಹೆಜ್ಜೆ ನಡೆದು ಕೇಳಲಿಲ್ಲ. ಮೊಪೆಡ್ ಆರಿಸಲೂ ಇಲ್ಲ. ನೋಟ್‌ಬುಕ್ಕನ್ನು ಹ್ಯಾಂಡಲ್ ಮೇಲಿಟ್ಟು, "ಶಾಶ್ವತವಾಗಿ ಮುಚ್ಚಿದೆ" ಎಂದು ಬರೆದೆ. ಮ್ಯಾನೇಜರಿಗೆ "ಶಾಶ್ವತ" ಎಂಬ ಪದ ಇಷ್ಟ, ಮತ್ತೆ ನೋಡುವ ಕೆಲಸ ಇರುವುದಿಲ್ಲ ಎಂದು.

ಐದು ತಿಂಗಳ ಮೇಲೆ ಮಲ್ಲೇಶಪ್ಪ ಫೋನು ಮಾಡಿದರು. ಮೆತ್ತಗಿನ ಮನುಷ್ಯ, ಅಂದು ನಮಸ್ಕಾರವನ್ನೂ ಹೇಳದೆ ಶುರು ಮಾಡಿದರು.

"ಅಮ್ಮಾ, ನಿಮ್ಮ ಪಟ್ಟೀಲಿ ಕರಿಯಣ್ಣನದು ಮುಚ್ಚಿದೆ ಅಂತ ಬಂತು. ನಮ್ಮ ತಮ್ಮನ ಮಗನ ಮದುವೆಗೆ ಕಂಬಳಿ ಬೇಕಿತ್ತು. ಯಂತ್ರದಲ್ಲಿ ಹುಡುಕಿ, ಮೊದಲನೇದು ಯಾವುದು ಬಂತೋ ಅದನ್ನೇ ತರಿಸಿದ್ವಿ. ಕರಿ ಕಂಬಳಿ, ಅಪ್ಪಟ ಉಣ್ಣೆ ಅಂತ ಬರೆದಿದ್ರು. ನಮ್ಮ ಹಿರಿಯರೊಬ್ರು ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದ್ರೆ ಕರಗಿ ಗಂಟಾಯ್ತು. ಪ್ಲಾಸ್ಟಿಕ್ಕು. ಕಂಬಳಿ ಇಲ್ಲದೇ ಶಾಸ್ತ್ರ ನಿಂತುಹೋಯ್ತು. ಎಲ್ಲಾರ ಮುಂದೆ ಮರ್ಯಾದೆ ಹೋಯ್ತಮ್ಮ. ಪಾಪ, ಕರಿಯಣ್ಣ ಹೋಗ್ಬಿಟ್ರಾ?"

ಇದ್ದಾರೋ ಇಲ್ಲವೋ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಅದೇ ನಾಚಿಕೆ. ಮೊಪೆಡ್ ಹತ್ತಿದೆ.

ಹಟ್ಟಿಯಲ್ಲಿ ಕುರಿಗಳಿದ್ದವು, ನಾಯಿ ಬೊಗಳಿತು. ಕೆಂಚಮ್ಮ ಕಟ್ಟೆಯ ಮೇಲೆ ಕೂತು ಉಣ್ಣೆ ಬಿಡಿಸುತ್ತಿದ್ದಳು. ಕರಿಯಣ್ಣ ಮಗ್ಗದ ಕುಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂತಿದ್ದ. ಮಗ್ಗದ ಮೇಲೆ ನೂಲಿನ ಹಾಸು ಇರಲಿಲ್ಲ. ಹಿಂಗಾರು ಮುಗಿದರೆ ಅವರು ಮಂದೆ ಹೊಡೆದುಕೊಂಡು ನೀರಾವರಿ ಗದ್ದೆಗಳ ಕಡೆ ಹೋಗುತ್ತಾರೆ, ಮುಂಗಾರಿನ ಮೊದಲ ಮಳೆಗೆ ಮರಳುತ್ತಾರೆ. ಪ್ರತಿ ವರ್ಷ. ಇದನ್ನು ನನಗೆ ಅಂದು ಹೇಳಿದರು. ಮೊದಲ ಸಲ ಬಂದಾಗಲೂ ಹೇಳಿದ್ದಿರಬೇಕು, ನಾನು ಗಡಿಯಾರ ನೋಡುತ್ತಿದ್ದೆನೇನೋ.

"ಈ ಸಲ ಬಂದ್ ಮ್ಯಾಲೆ ಒಬ್ರೂ ಕೇಳ್ಕೊಂಡ್ ಬರ್ಲಿಲ್ಲವ್ವ" ಎಂದಳು ಕೆಂಚಮ್ಮ. "ಯಾಕೆ ಅಂತ ಗೊತ್ತಾಗ್ಲಿಲ್ಲ. ನೂಲು ಕೆಟ್ಟದಾಯ್ತೇನೋ ಅಂದ್ಕಂಡೆ. ಕೈ ನಡುಗ್ತದೆ, ವಯಸ್ಸಾತು, ಅದ್ಕೇ ಬಿಟ್ರೇನೋ ಅಂತ."

ನನ್ನದೇ ತಪ್ಪು ಎಂದೆ. ಬಾಗಿಲಿಗೆ ಮುಳ್ಳು ಇತ್ತು, ಮನೆ ಬಿಟ್ಟುಹೋಗಿದ್ದೀರಿ ಎಂದು ಬರೆದೆ ಎಂದೆ. ಅವಳು ಉಣ್ಣೆ ಕೆಳಗಿಟ್ಟಳು.

"ಬೀಗ ಇತ್ತೇನು?"

"ಇರ್ಲಿಲ್ಲಮ್ಮ."

"ಬಿಟ್ ಹೋಗೋರು ಬೀಗ ಹಾಕ್ತಾರೆ, ಇಲ್ಲಾ ಬಾಗ್ಲನ್ನೇ ಕಿತ್ಕೊಂಡ್ ಹೋಗ್ತಾರೆ. ಮುಳ್ಳು ಹಚ್ಚೋದು ಬರ್ತೀವಿ ಅಂತ. ಕುರಿ ಕಾಯೋ ಕೂಸಿಗೂ ಗೊತ್ತೈತಲ್ಲವ್ವ ಅದು. ನೀನು ಓದ್ದೋಳು."

ಕರಿಯಣ್ಣ ಬಾಯಿ ತೆರೆದದ್ದು ಒಂದೇ ಸಲ. "ಹೋಗ್ಲಿ ಬಿಡು ಲೇ ಕೆಂಚಿ. ಮುಂದಿನ ದೀಪಾವಳಿಗಂಟ ನೋಡಾನ. ಯಾರೂ ಕೇಳ್ದಿದ್ರೆ ಮಗ್ಗ ಎತ್ತಿಬಿಡಾನ, ಕುಣಿ ಮುಚ್ಚಾನ." ಅಪ್ಪನ ಕಾಲದ ಮಗ್ಗ. ಕುಣಿಯ ಅಂಚು ಮೂರು ತಲೆಮಾರಿನ ಕಾಲು ಉಜ್ಜಿ ನುಣ್ಣಗಾಗಿತ್ತು.

ಅಂದೇ ಪಟ್ಟಿಯಲ್ಲಿ ತಿದ್ದಿದೆ. ಮಲ್ಲೇಶಪ್ಪನವರಿಗೆ ಹೇಳಿದೆ, ಅವರು ತಮ್ಮವರಿಗೆ ಹೇಳಿದರು, ದೀಪಾವಳಿಗೆ ಮೊದಲೇ ಮಗ್ಗದ ಮೇಲೆ ಹಾಸು ಏರಿತು. ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಆ ಐದು ತಿಂಗಳಲ್ಲಿ ನಮ್ಮ ಪಟ್ಟಿಯನ್ನು ಯಾರು ಯಾರೋ ನಕಲು ಮಾಡಿಕೊಂಡಿದ್ದರು. ವರ್ಷ ಕಳೆಯುವುದರೊಳಗೆ ನಮ್ಮ ಕಂಪನಿಯೇ ಬಾಗಿಲು ಹಾಕಿತು. ತಿದ್ದಿದ ಪಟ್ಟಿ ಅದರೊಂದಿಗೆ ಹೋಯಿತು, ತಪ್ಪಿದ್ದ ನಕಲುಗಳು ಉಳಿದವು. ನಾನು ಒಂದು ಶಾಲೆಯ ಆಫೀಸಿಗೆ ಸೇರಿಕೊಂಡು, ಮೂರು ವರ್ಷದ ಹಿಂದೆ ಬಿಡುವವರೆಗೂ ಅಲ್ಲಿ ವರ್ಗಾವಣೆ ಪತ್ರ ಬರೆಯುತ್ತಾ ಕಳೆದೆ.

ಹುಡುಗಿಯರು ಇನ್ನೊಂದನ್ನೂ ಕೇಳಿದರು: "ಆಂಟಿ, ಯಾವ್ದು ಮೇಲು? ಯಂತ್ರಾನಾ, ಮನುಷ್ಯರು ಮಾಡಿದ ಪಟ್ಟೀನಾ?" ನಾನು ವರ್ಷಗಟ್ಟಲೆ ಪಟ್ಟಿಯ ಪರ ವಾದಿಸಿದವಳು. ಈಗ ಆ ವಾದ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಇವತ್ತು ಬಾಡಿಗೆಗೆ ಯಾವ ರೂಮು ಖಾಲಿ ಇದೆ ಎಂದು ಕೇಳಿದರೆ ಯಂತ್ರವನ್ನು ಕೇಳಿ. ಈ ಕಂಬಳಿ ದೀಪಕ್ಕೆ ಹಿಡಿದರೆ ಕರಗುತ್ತದೋ ಇಲ್ಲವೋ ಎಂದು ಕೇಳಬೇಕಾದರೆ ಅಲ್ಲಿ ಹೋಗಿ ಕೂತು ಬಂದವರನ್ನು ಕೇಳಿ. ಆದರೆ ಕೂರದೆಯೇ ಕೂತು ಬಂದವಳಂತೆ ಬರೆಯುವ ಮನುಷ್ಯಳು ಯಂತ್ರಕ್ಕಿಂತ ಅಪಾಯ. ಯಂತ್ರ ತಪ್ಪಿದರೆ ಜನ ಇನ್ನೊಂದು ಪುಟ ನೋಡುತ್ತಾರೆ. ನಾನು ತಪ್ಪಿದಾಗ ಮಲ್ಲೇಶಪ್ಪ ಕರಿಯಣ್ಣ ತೀರಿಕೊಂಡರೆಂದು ನಂಬಿದರು.

ಆ ಹುಡುಗಿಯರಿಗೆ ತೋರಿಸೋಣವೆಂದು ಅವರ ಮೊಬೈಲಿನಲ್ಲಿ ನನ್ನಿವಾಳದ ಕಂಬಳಿ ಎಂದು ಒತ್ತಿಸಿದೆ. ಬಂತು. ಕರಿಯಣ್ಣನ ಹೆಸರು, ನಕ್ಷೆಯ ಮೇಲೆ ಹಟ್ಟಿಯ ಗುರುತು. ಕೆಳಗೆ, "ಕುಣಿ ಮಗ್ಗ. ಸ್ವಂತ ಮಂದೆಯ ಕರಿ ಉಣ್ಣೆ." ನನ್ನ ಪದಗಳು, ಸದಾಶಿವಪ್ಪ ತಿದ್ದಿದ ವಾಕ್ಯ. ಅದರ ಮೇಲೆ ಕೆಂಪಕ್ಷರದಲ್ಲಿ: "ಶಾಶ್ವತವಾಗಿ ಮುಚ್ಚಿದೆ."

ತಿದ್ದುಪಡಿ ಕಳಿಸಿದೆ. ಸ್ವೀಕರಿಸಲಿಲ್ಲ. ಮತ್ತೆ ಕಳಿಸಿದೆ. ಬೇರೆ ಮೂಲಗಳೊಂದಿಗೆ ಹೊಂದುತ್ತಿಲ್ಲವಂತೆ. ಆ ಬೇರೆ ಮೂಲಗಳೆಲ್ಲ ನಾನೇ! ಒಂದು ವಾರ ಅಡಿಗೆಮನೆಗೂ ಹಜಾರಕ್ಕೂ ಓಡಾಡುತ್ತಾ ಕಳಿಸುತ್ತಲೇ ಇದ್ದೆ. ಎಂಟನೆಯ ದಿನ ಬಸ್ಸು ಹತ್ತಿದೆ.

ಬಾಗಿಲಿಗೆ ಜಾಲಿ ಮುಳ್ಳು ಹಚ್ಚಿತ್ತು.

ಅದರ ಎದುರು ಕಟ್ಟೆಯ ಮೇಲೆ ಕೂತೆ. ಹತ್ತು ನಿಮಿಷ ಆಯಿತು. ಇರುವೆ ಸಾಲು ಮಗ್ಗದ ಚಪ್ಪರದ ಕಡೆ ಹೋಗುತ್ತಿತ್ತು. ಅರ್ಧ ಗಂಟೆಯಾಯಿತು. ಎರಡು ಸಲ ಎದ್ದೆ, ಎರಡು ಸಲ ಕೂತೆ. ಪಕ್ಕದ ಮನೆಯಾಕೆ ನೀರು ತಂದುಕೊಟ್ಟು, "ಬರ್ತಾರೆ ಕೂತ್ಕಳ್ರಿ, ಇಬ್ರೂ ಮೇವಿಗೆ ಹೋಗವ್ರೆ, ದೂರ ಹೋಗೋ ಶಕ್ತಿ ಎಲ್ಲೈತೆ. ಮಂದೆ ಮಗ ನೋಡ್ಕಂತಾನೆ" ಎಂದಳು. ಬಿಸಿಲು ಕಟ್ಟೆಯಿಂದ ಅಂಗಳಕ್ಕೆ ಇಳಿಯಿತು. ಕೊನೆಗೆ ಕೆಂಚಮ್ಮ ಬಂದಳು, ತಲೆಯ ಮೇಲೆ ಹುಲ್ಲಿನ ಹೊರೆ, ಹಿಂದೆ ಕೋಲೂರಿಕೊಂಡು ಕರಿಯಣ್ಣ. ಅವನು ಕೋಲಿನಿಂದಲೇ ಮುಳ್ಳು ಸರಿಸಿದ. ಕೆಂಚಮ್ಮ ನನ್ನನ್ನು ದಿಟ್ಟಿಸಿ ನೋಡಿದಳು. ಹದಿನೈದು ವರ್ಷದ ಮೇಲಾಗಿತ್ತು.

"ಪಟ್ಟಿ ಬರ್ಯೋ ಅವ್ವ ಅಲ್ವಾ? ಎಷ್ಟೊತ್ತಾತು ಬಂದು?"

"ಎರಡು ಗಂಟೆ ಆಯ್ತಮ್ಮ."

"ಎರಡು ಗಂಟೆ ಕೂತಿದ್ಯಾ?" ಎಂದು ಗಂಡನ ಮುಖ ನೋಡಿದಳು.

ಮಗ್ಗದ ಮೇಲೆ ಅರ್ಧ ಕಂಬಳಿ ಇತ್ತು. ನೂಲಿಗೆ ಹುಣಸೆ ಬೀಜದ ಗಂಜಿ ಬಳಿದ ವಾಸನೆ ಮೊದಲಿನ ಹಾಗೇ ಇತ್ತು. ಇದೇ ಕೊನೆಯದು ಎಂದ ಕರಿಯಣ್ಣ. ಮಲ್ಲೇಶಪ್ಪ ತೀರಿಕೊಂಡ ಮೇಲೆ ಕೇಳುವವರು ಒಬ್ಬೊಬ್ಬರಾಗಿ ನಿಂತರು, ಹೊಸಬರು ಯಾರೂ ಬರುವುದಿಲ್ಲ, ಇದು ಇಳಿದ ಮೇಲೆ ಕುಣಿ ಮುಚ್ಚುವುದೇ ಸರಿ ಎಂದ. ನಾನು ಚೀಲದಿಂದ ಹಳೆಯ ಉದ್ದನೆಯ ನೋಟ್‌ಬುಕ್ಕು ತೆಗೆದೆ. ಅದರ ಹಿಂದಿನ ಹಾಳೆಗಳಲ್ಲಿ, ಕಂಬಳಿ ಕೇಳಿ ನಮ್ಮ ಆಫೀಸಿಗೆ ಫೋನು ಮಾಡಿದವರ ಹೆಸರಿತ್ತು. ಅಲ್ಲೇ ಕೂತು ಒಂದೊಂದಾಗಿ ಫೋನು ಹಚ್ಚಿದೆ. ಅರ್ಧಕ್ಕರ್ಧ ನಂಬರು ಸತ್ತಿದ್ದವು. ಕೆಲವರು ಮರೆತಿದ್ದರು. ಮಲ್ಲೇಶಪ್ಪನವರ ತಮ್ಮನ ಮಗ, ಅದೇ ಮದುವೆಯ ಗಂಡು, ಎತ್ತಿಕೊಂಡ. "ಇದ್ದಾರಾ? ನೇಯ್ತಿದ್ದಾರಾ? ಮುಚ್ಚಿದೆ ಅಂತ ಬರುತ್ತಲ್ಲ!" ಎಂದು ಕೂಗಿದ. ಅವನ ಹೊಸ ಮನೆಯ ದೇವರಕೋಣೆಗೆ ಒಂದು, ಅಕ್ಕನ ಮನೆಗೆ ಒಂದು. ಇನ್ನೊಬ್ಬರು ಒಂದು. ಮೂರು ಕಂಬಳಿ. ಕರಿಯಣ್ಣ ಕೋಲನ್ನು ಗೋಡೆಗೆ ಒರಗಿಸಿ ಮೆಲ್ಲಗೆ ಕುಣಿಯೊಳಕ್ಕೆ ಇಳಿದ. ಲಾಳಿ ಆಡುವ ಸದ್ದು ಶುರುವಾಯಿತು.

ಅವನು ನೇಯುವುದನ್ನು ಮೊಬೈಲಿನಲ್ಲಿ ಹಿಡಿದು, ಆ ಹಟ್ಟಿಯ ಅಂಗಳದಿಂದಲೇ ಯಂತ್ರಕ್ಕೆ ಕಳಿಸಿದೆ. ಈ ಸಲ ಬೇಡ ಎನ್ನಲಿಲ್ಲ. ಪರಿಶೀಲಿಸುತ್ತಿದ್ದೇವೆ ಎಂದು ಬಂತು. ಕೆಂಚಮ್ಮ ರಾಟೆಯ ಮುಂದೆ ಕೂತು, ಏನು ಬರೆದಿದೆ ಎಂದು ಕೇಳಿದಳು. ಓದಿ ಹೇಳಿದೆ.

"ನೋಡಾಕೆ ಬರ್ತಾರಂತಾ?"

"ಗೊತ್ತಿಲ್ಲಮ್ಮ."

"ಬಂದ್ರೆ ಬರ್ಲಿ" ಎಂದು ಅವಳು ನೂಲಿನ ಎಳೆ ಎಳೆದಳು. "ನಾವು ಮೇವಿಗೆ ಹೋಗಿದ್ರೆ ಕೂತಿರಾಕೆ ಹೇಳವ್ವ. ಮುಳ್ಳು ನೋಡಿ ಹೋಗ್‌ಬ್ಯಾಡ್ರಿ ಅನ್ನು."